ಆಡುವವನೇ ಆಟದೊಡೆಯ

ಭಾನುವಾರ ಅಂಕೋಲೆಯ ಮೀನು ಪೇಟೆಗೆ ನನ್ನ ಮಗ ಬಂದ ಅಂದರೆ ಮಾರುವ ಹೆಂಗಸರು ಸೆರಗು ಬಿಗಿ ಮಾಡಿಕೊಳ್ಳುತ್ತಾರೆ. ಬಂಗಡೆಯ ಕಿವಿರು ಎತ್ತಿ ಕೆಂಪಗಿದೆಯಾ ನೋಡುತ್ತಾನೆ. ಕಣ್ಣು ಮಂಜಾಗಿದೆಯಾ ಅಂತ ಬಗ್ಗುತ್ತಾನೆ. ಹೊಟ್ಟೆ ಒತ್ತಿದಾಗ ಬೆರಳಿನ ಗುರುತು ಉಳಿದರೆ ಮೀನು ವಾಪಸ್ ಬುಟ್ಟಿಗೆ. ಕಡೆಗೆ 100 ರೂಪಾಯಿಗೆ 5 ಅಂತ ಒಪ್ಪಿಸಿ, "ಅಕ್ಕಾ, ಮೇಲೊಂದು ಸಣ್ಣದು ಹಾಕಿ" ಅನ್ನುತ್ತಾನೆ. ಇಂಥ ಮಗನ ಬಗ್ಗೆ ನನಗೆ ಹೆಮ್ಮೆ ಇತ್ತು.

ಅದೇ ಮಗ ಅದೇ ಸಂಜೆ, ಮೊಬೈಲಿನ ಯಾವುದೋ ಗ್ರೂಪಿನಲ್ಲಿ, ಮುಖ ಕಾಣದ, ಊರು ಗೊತ್ತಿಲ್ಲದ, ಫೋಟೊ ಜಾಗದಲ್ಲಿ ಡ್ರ್ಯಾಗನ್ ಕೂರಿಸಿಕೊಂಡ ಯಾರಿಗೋ 400 ರೂಪಾಯಿ ಕಳಿಸಿಬಿಟ್ಟ. 3 ಸಾವಿರದ ಕಂಪ್ಯೂಟರ್ ಗೇಮ್ ಬರೀ 400ಕ್ಕೆ! "ಕಿವಿರು ನೋಡಿದ್ಯೇನೋ?" ಅಂತ ಕೇಳಿದೆ.

"ಪಪ್ಪಾ, ಆ ಗ್ರೂಪಲ್ಲಿ 5 ಸಾವಿರ ಜನ ಇದ್ದಾರೆ."

ನೊಣ ಎಣಿಸಿ ಮೀನು ಕೊಂಡವರನ್ನು ನಾನು ಈವರೆಗೆ ನೋಡಿರಲಿಲ್ಲ.

ಐದೈದು ಅಕ್ಷರದ ಮೂರು ಗುಂಪು ಬಂತು. ಅದೇ ಕೀ ಅಂತೆ. ಹಾಕಿದ, ಗೇಮ್ ತೆರೆಯಿತು, ಮೂರು ವಾರ ಮನೆಯಲ್ಲಿ ಹಬ್ಬ. ನಾಲ್ಕನೇ ವಾರ ಗೇಮ್ ಮಾಯ. ಇದರ ಒಳಗುಟ್ಟು ಸರಳ. ಯಾರದೋ ಕದ್ದ ಕಾರ್ಡಿನಲ್ಲಿ ಕೀ ಕೊಂಡು ಅಗ್ಗಕ್ಕೆ ಮಾರುವವರಿದ್ದಾರೆ. ಕಾರ್ಡಿನ ಯಜಮಾನ ಬ್ಯಾಂಕಿಗೆ ದೂರು ಕೊಡುತ್ತಾನೆ, ಬ್ಯಾಂಕು ದುಡ್ಡು ವಾಪಸ್ ಎಳೆದುಕೊಳ್ಳುತ್ತದೆ, ಗೇಮಿನವರು ಕೀ ರದ್ದು ಮಾಡುತ್ತಾರೆ. ಕಾರ್ಡಿನವನಿಗೆ ಅವನ ದುಡ್ಡು ಸಿಕ್ಕಿತು, ಗೇಮಿನವರಿಗೆ ತಲೆನೋವು ಸಿಕ್ಕಿತು, ಡ್ರ್ಯಾಗನ್ನಿಗೆ 400 ಸಿಕ್ಕಿತು. ನನ್ನ ಮಗನಿಗೆ ಜ್ಞಾನೋದಯವಾದರೂ ಸಿಗಬೇಕಿತ್ತು. ಅದೂ ಇಲ್ಲ. ಡ್ರ್ಯಾಗನ್ "ರೀಫಂಡ್ ಕೊಡ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂದ ಕೂಡಲೇ ಮೊಬೈಲ್ ಎತ್ತಿದ.

"ದುಡ್ಡು ಬರೋದಕ್ಕೆ ಪಿನ್ ಯಾಕೋ?" ಅಂತ ಅಡುಗೆ ಮನೆಯಿಂದ ಅವನ ಅಮ್ಮ ಕೂಗಿದಳು. ಬಂಗಡೆ ಕೊಯ್ಯುತ್ತಾ ಕೂತವಳಿಗೆ ತಿಳಿದದ್ದು ಎಂಜಿನಿಯರಿಂಗ್ ಓದುವವನಿಗೆ ತಿಳಿಯಲಿಲ್ಲ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆವು.

ಸರಿ, ಇನ್ನು ಮೇಲೆ ದೊಡ್ಡ ಅಂಗಡಿಯಲ್ಲೇ ಕೊಳ್ಳುತ್ತೇನೆ ಅಂದ. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿ 2015ರಿಂದ ರೂಪಾಯಿಯಲ್ಲೇ ಬೆಲೆ ಹಾಕುತ್ತದೆ, ಯುಪಿಐ ನಡೆಯುತ್ತದೆ. ಕೊಂಡು 14 ದಿನದೊಳಗೆ, 2 ತಾಸಿಗಿಂತ ಕಡಿಮೆ ಆಡಿದ್ದರೆ, ಬೇಡ ಅಂದು ದುಡ್ಡು ವಾಪಸ್ ಕೇಳಬಹುದು. ಬಂಗಡೆಯ ತಲೆ ತಿಂದು ನೋಡಿ "ಬೇಡ" ಅಂದರೆ ನಮ್ಮ ಪೇಟೆಯಲ್ಲಿ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಎಪಿಕ್ ಅನ್ನುವ ಇನ್ನೊಂದು ಅಂಗಡಿಯಲ್ಲಿ ಗುರುವಾರ ಗುರುವಾರ ಪುಕ್ಕಟೆ ಗೇಮ್, ರಾಯರ ಮಠದ ಪ್ರಸಾದದ ಹಾಗೆ. ಸ್ಟೀಮಿನ ಹಳೇ ರೇಟು ನೋಡಲು ಸ್ಟೀಮ್‌ಡಿಬಿ ಅನ್ನುವ ಜಾಲತಾಣ ಇದೆ. ಶಿರಸಿ ಕಡೆಯ ನೆಂಟರು ಚಾಲಿ ಅಡಿಕೆಯ ರೇಟು ಏರುವುದನ್ನೇ ಕಾಯುತ್ತಾರೆ. ನನ್ನ ಮಗ ಗೇಮಿನ ರೇಟು ಇಳಿಯುವುದನ್ನು ಕಾಯುತ್ತಾನೆ. ಕಾಯುವ ಮುಖ ಮಾತ್ರ ಎರಡೂ ಕಡೆ ಒಂದೇ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೊನ್ನೆ ಸೇಲಿನಲ್ಲಿ ಅವನು ಒಟ್ಟಿಗೆ 11 ಗೇಮ್ ಕೊಳ್ಳುವಾಗ ನನ್ನ ಅಪ್ಪ ಪಕ್ಕದಲ್ಲಿ ಕೂತಿದ್ದರು. ಅವರಿಗೆ 80 ದಾಟಿದೆ, ಆದರೆ ಕಾಗದಪತ್ರ ಅಂದರೆ ಕಣ್ಣು ಈಗಲೂ ಚುರುಕು. ಪರದೆಯ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು. ಏನದು ಓದು ಅಂದರು. ಮಗ ಕನ್ನಡ ಮಾಡಿ ಹೇಳಿದ: ನೀವು ಕೊಳ್ಳುತ್ತಿರುವುದು ಗೇಮ್ ಅಲ್ಲ, ಗೇಮಿನ ಲೈಸೆನ್ಸು. ಕ್ಯಾಲಿಫೋರ್ನಿಯಾದಲ್ಲಿ ಹೀಗೆ ಬಿಡಿಸಿ ಹೇಳಲೇಬೇಕು ಅಂತ ಕಾಯ್ದೆ ಬಂತು. 2024ರಿಂದ ಸ್ಟೀಮ್ ಇದನ್ನು ದುಡ್ಡು ಕೊಡುವ ಜಾಗದಲ್ಲೇ ಬರೆಯುತ್ತಿದೆ.

"ದುಡ್ಡು ಪೂರ್ತಿ ಕೊಡ್ತೀಯ?"

"ಹೂಂ ಅಜ್ಜ."

"ವಸ್ತು ಅವರದ್ದೇ?"

"ಹೂಂ."

"ಹಾಗಾದ್ರೆ ಗೇಣಿ ಅನ್ನು. ಮೂಲಗೇಣಿಯೋ, ಚಾಲಗೇಣಿಯೋ?"

ಈ ಪ್ರಶ್ನೆ ನಮ್ಮ ಕರಾವಳಿಯವರಿಗೆ ಮಾತ್ರ ಹೊಳೆಯಬೇಕು. ಮೂಲಗೇಣಿ ಅಂದರೆ ಕಾಯಂ, ಮಕ್ಕಳು ಮೊಮ್ಮಕ್ಕಳಿಗೂ ನಡೆಯುತ್ತದೆ. ಚಾಲಗೇಣಿ ಅಂದರೆ ಒಡೆಯ ಏಳು ಅಂದ ದಿನ ಏಳಬೇಕು. ದಿನಕರ ದೇಸಾಯಿಯವರು ಗೇಣಿದಾರರನ್ನು ಕಟ್ಟಿಕೊಂಡು ಹೋರಾಡಿದ ತಾಲೂಕು ಇದು. ಬ್ರಿಟಿಷರು ಅವರನ್ನು ಜಿಲ್ಲೆಯಿಂದಲೇ ಗಡಿಪಾರು ಮಾಡಿದ್ದರು. 1974ರ ಭೂಸುಧಾರಣೆ ಕಾಯ್ದೆ ಬಂದ ಮೇಲೆ ನಮ್ಮಪ್ಪನೂ ಗೇಣಿದಾರರ ಅರ್ಜಿಯಾದ ಫಾರಂ ನಂಬರ್ 7 ತುಂಬಿ, ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಯ ಬಾಗಿಲು ಕಾದು ಗದ್ದೆ ಮಾಡಿಕೊಂಡವರು. ಉಳುವವನೇ ಹೊಲದೊಡೆಯ ಅಂತ ಕೂಗಿ ಗಂಟಲು ಹರಿದುಕೊಂಡವರ ಮೊಮ್ಮಗ ಈಗ ಏರ್ ಕಂಡೀಷನ್ ಇಲ್ಲದ ಕೋಣೆಯಲ್ಲಿ, ಬೆವರು ಒರೆಸಿಕೊಳ್ಳುತ್ತಾ, ಒಂದೇ ಕ್ಲಿಕ್ಕಿಗೆ 11 ಕಡೆ ಗೇಣಿ ಬರೆದುಕೊಡುತ್ತಿದ್ದ. ಕರಾರು ಓದಿದ್ದೇನೆ ಅಂತ ಟಿಕ್ ಬೇರೆ ಹಾಕಿದ.

"ಒಡೆಯ ಬಿಡಿಸಿದ್ದು ಉಂಟಾ?" ಅಂದರು ಅಪ್ಪ.

ಉಂಟು. 2014ರಲ್ಲಿ ಬಂದ ದಿ ಕ್ರೂ ಅನ್ನುವ ಕಾರ್ ಓಡಿಸುವ ಗೇಮಿನ ಸರ್ವರನ್ನು ಅದರ ಕಂಪನಿ ಯೂಬಿಸಾಫ್ಟ್ 2024ರ ಮಾರ್ಚ್ 31ಕ್ಕೆ ಬಂದ್ ಮಾಡಿತು. ದುಡ್ಡು ಕೊಟ್ಟು ಕೊಂಡವರ ಕಾರು ಅಲ್ಲೇ ನಿಂತಿತು. ಒಬ್ಬರೇ ಆಡುತ್ತೇನೆ ಅಂದರೂ ಆಗಲ್ಲ.

"ನೀನು ಸತ್ತರೆ ಮಕ್ಕಳಿಗೆ?"

"ಅಕೌಂಟ್ ಬೇರೆಯವರ ಹೆಸರಿಗೆ ಮಾಡಲಿಕ್ಕಿಲ್ಲ ಅಂತ ಕರಾರಲ್ಲಿದೆ ಅಜ್ಜ."

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ನಮ್ಮ ಒಡೆಯರು ಪಾಪದವರು" ಅಂದರು. ಅವರ ಬಾಯಲ್ಲಿ ಈ ಮಾತು 50 ವರ್ಷದಲ್ಲಿ ನಾನು ಕೇಳಿದ್ದು ಇದೇ ಮೊದಲು.

ಮಗ ತನ್ನ ಮರ್ಯಾದೆ ಉಳಿಸಿಕೊಳ್ಳಲು ಜಿಒಜಿ ಅನ್ನುವ ಅಂಗಡಿ ತೋರಿಸಿದ. ಕಾಗದದ ಮೇಲೆ ಅದೂ ಲೈಸೆನ್ಸೇ. ಆದರೆ ಗೇಮಿನ ಫೈಲನ್ನು ನಮ್ಮ ಹಾರ್ಡ್ ಡಿಸ್ಕಿಗೆ ಇಳಿಸಿ ಇಟ್ಟುಕೊಳ್ಳಬಹುದು, ಆಡುವಾಗ ಯಾರ ಬೀಗವೂ ಇಲ್ಲ, ಒಬ್ಬರೇ ಆಡಲು ನೆಟ್ಟೂ ಬೇಡ. ಮಳೆಗಾಲದಲ್ಲಿ ನೆಟ್ ಎರಡೆರಡು ದಿನ ಸಾಯುವ ನಮ್ಮೂರಿಗೆ ಇದೇ ಲಾಯಕ್ಕು ಅಲ್ವಾ? "ಇದು ಮೂಲಗೇಣಿ" ಅಂತ ಅಪ್ಪ ತೀರ್ಪು ಕೊಟ್ಟರು. ಮಗನಿಗೆ ಧೈರ್ಯ ಬಂತು. "ನಾವೂ ಒಂದು ಚಳವಳಿ ಮಾಡ್ತೇವೆ ಅಜ್ಜ, ಆಡುವವನೇ ಆಟದೊಡೆಯ ಅಂತ. ಫಾರಂ 7 ಕೊಡಿ, ತುಂಬ್ತೇನೆ."

ಅಪ್ಪ ಪರದೆಯ ಹತ್ತಿರ ಬಗ್ಗಿದರು. ಅವನ ಹಳೇ ಲೈಬ್ರರಿಯಲ್ಲಿ 63 ಗೇಮ್ ಇದ್ದವು.

"ಇದರಲ್ಲಿ ಆಡಿದ್ದೆಷ್ಟು?"

ಮಗ ಬೆರಳು ಮಡಚಿದ. ಒಂದು ಕೈ ಮುಗಿಯಿತು, ಇನ್ನೊಂದರಲ್ಲಿ ಎರಡು.

"ಮತ್ತೆಲ್ಲ ಬೀಳು ಬಿಟ್ಟಿದ್ದಾ? ಉಳದೇ ಇದ್ದವನಿಗೆ ನ್ಯಾಯಮಂಡಳಿ ಗದ್ದೆ ಕೊಟ್ಟಿಲ್ಲ ತಮ್ಮಾ" ಅಂದವರೇ ಊಟಕ್ಕೆ ಎದ್ದರು. ಬಂಗಡೆ ಸಾರು ಆರುತ್ತಿತ್ತು.