ಮಂಜಿಗೆ ಬಣ್ಣ ಬೇಕಿಲ್ಲ, ಕಾರ್ಡಿಗೆ ಚಿಲ್ಲರೆ ಇಲ್ಲ

ಚಿಕ್ಕಮಗಳೂರಿನಲ್ಲಿ ಇವತ್ತು 50 ಪೈಸೆಗೆ ಏನು ಸಿಗುತ್ತದೆ? ಎಂ.ಜಿ. ರಸ್ತೆಯ ಯಾವುದಾದರೂ ಅಂಗಡಿಯಲ್ಲಿ ಕೇಳಿ ನೋಡಿ. ಅಂಗಡಿಯವರು ನಿಮ್ಮನ್ನು ಮೇಲಿಂದ ಕೆಳಗೆ ನೋಡಿ ಒಂದು ಚಾಕೊಲೇಟ್ ಕೊಟ್ಟು ಕಳಿಸಬಹುದು, ಅದೂ ಕನಿಕರಕ್ಕೆ. ಆದರೆ ಅಂಚೆ ಇಲಾಖೆ ಮಾತ್ರ 50 ಪೈಸೆಗೆ ಒಂದು ಪೋಸ್ಟ್‌ಕಾರ್ಡು ಕೊಟ್ಟು, ನಿಮ್ಮ ಮಾತನ್ನು ಕಳಸದಿಂದ ಕಾಶ್ಮೀರದವರೆಗೆ ಹೊತ್ತುಕೊಂಡು ಹೋಗಿ ಬಾಗಿಲಿಗೆ ಹಾಕುತ್ತದೆ.

ತೊಂದರೆ ಒಂದೇ. ಆ 50 ಪೈಸೆ ತರುವುದು ಎಲ್ಲಿಂದ? ರಿಸರ್ವ್ ಬ್ಯಾಂಕಿನ ಪ್ರಕಾರ ಆ ನಾಣ್ಯ ಈಗಲೂ ಚಲಾವಣೆಯಲ್ಲಿದೆ. ದೇವಸ್ಥಾನದ ಮುಂದೆ ಕೂತ ಭಿಕ್ಷುಕರ ಪ್ರಕಾರ ಇಲ್ಲ. ನಾನು ಭಿಕ್ಷುಕರನ್ನೇ ನಂಬುತ್ತೇನೆ. ದುಡ್ಡಿನ ವಿಷಯದಲ್ಲಿ ಅವರಿಗೆ ದಿನಾ ಅನುಭವ.

ಇದಕ್ಕಿಂತ ಚೆಂದದ ಕತೆ ಮೇಘದೂತ ಕಾರ್ಡಿನದು. 2002ರಲ್ಲಿ ಬಂತು. ವಿಳಾಸದ ಪಕ್ಕ ಜಾಹೀರಾತು ಇರುತ್ತದೆ, ಆದ್ದರಿಂದ ಬೆಲೆ ಬರೀ 25 ಪೈಸೆ. 2011ರ ಜೂನ್ 30ಕ್ಕೆ ಸರ್ಕಾರ 25 ಪೈಸೆ ನಾಣ್ಯವನ್ನೇ ರದ್ದು ಮಾಡಿತು. ಕಾರ್ಡಿನ ಬೆಲೆ ಮಾತ್ರ 25 ಪೈಸೆಯೇ ಉಳಿಯಿತು. ನಾಣ್ಯಕ್ಕೆ ತಿಥಿ ಆಯಿತು, ಅದರ ಹೆಸರಲ್ಲಿ ವ್ಯಾಪಾರ ನಡೆಯಿತು. ಇಲಾಖೆಯ ಲೆಕ್ಕದಲ್ಲೇ ಒಂದು ಕಾರ್ಡು ಸಾಗಿಸುವ ಖರ್ಚು ಹತ್ತು ರೂಪಾಯಿ ದಾಟುತ್ತದೆ. ಹಾಗಾಗಿ ಕೌಂಟರಿನಲ್ಲಿ ಕಾರ್ಡು ಕೇಳಿದಾಗ ಮುಖ ಅರಳದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನೀವು ಗ್ರಾಹಕರಲ್ಲ, ನಷ್ಟ.

ಇಷ್ಟು ಬಡಪಾಯಿ ಕಾರ್ಡಿಗೆ ಈಗ ನಮ್ಮ ಜಿಲ್ಲೆಯ ಹೋಂಸ್ಟೇಗಳಲ್ಲಿ ರಾಜಯೋಗ ಬಂದಿದೆ. ಕಾಫಿ ತೋಟದ ನಡುವೆ ವಾರಾಂತ್ಯದ ಶಿಬಿರ. ನಿಮ್ಮ ಪೋಸ್ಟ್‌ಕಾರ್ಡಿಗೆ ನೀವೇ ವಾಟರ್ ಕಲರ್ ಹಾಕಿ, ನೀವೇ ಅಂಚೆಗೆ ಹಾಕಿ. ಫೀಸು ಸಾವಿರಗಳಲ್ಲಿ, ಊಟ ಬೇರೆ. ಬಾಗಿಲಲ್ಲಿ ‘ನಿಧಾನವಾಗಿ ಬದುಕಿ’ ಎಂದು ಬೋರ್ಡು. ಅದರ ಕೆಳಗೇ ‘ಚೆಕ್ ಔಟ್ ಬೆಳಿಗ್ಗೆ 10ಕ್ಕೆ ಸರಿಯಾಗಿ’. ಮೊಬೈಲಿನಿಂದ ದೂರ ಇರಿ ಎಂದು ಭಾಷಣ. ಭಾಷಣ ಮುಗಿದ ಮೇಲೆ ವೈಫೈ ಪಾಸ್‌ವರ್ಡು.

ಪೋಸ್ಟ್‌ಕಾರ್ಡು ನಿಧಾನದ ವಸ್ತು ಎಂದು ಇವರಿಗೆ ಯಾರು ಹೇಳಿದರೋ! 1869ರಲ್ಲಿ ಆಸ್ಟ್ರಿಯಾದ ಇಮ್ಯಾನುಯೆಲ್ ಹೆರ್ಮನ್ ಎಂಬ ಅರ್ಥಶಾಸ್ತ್ರದ ಮೇಷ್ಟ್ರು, ನಾಲ್ಕು ಸಾಲಿನ ಸಮಾಚಾರಕ್ಕೆ ಉದ್ದದ ಕಾಗದ, ಲಕೋಟೆ ಎಲ್ಲಾ ದಂಡ ಎಂದು ವಾದಿಸಿದರು. ಅದೇ ವರ್ಷದ ಅಕ್ಟೋಬರ್ 1ಕ್ಕೆ ಆಸ್ಟ್ರಿಯಾ-ಹಂಗೇರಿಯಲ್ಲಿ ಮೊದಲ ಕಾರ್ಡು ಹೊರಬಂತು. ನಮ್ಮಲ್ಲಿ 1879ರ ಜುಲೈನಲ್ಲಿ ಬಂತು, ಬೆಲೆ ಕಾಲಾಣೆ. ಅವಸರದವರಿಗಾಗಿ, ಕಡಿಮೆ ಕಾಸಿನವರಿಗಾಗಿ ಹುಟ್ಟಿದ ಕಾರ್ಡು ಅದು. ನಮ್ಮ ಅಜ್ಜಂದಿರು ‘ಕ್ಷೇಮ. ಬುಧವಾರದ ಬಸ್ಸಿಗೆ ಬರುತ್ತೇವೆ. ಅಡಿಕೆ ಕೊಯ್ಲು ಮುಗಿಯಿತು’ ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಮದುವೆ ಸುದ್ದಿಯಾದರೆ ಮೂಲೆಗೆ ಅರಿಶಿನ. ನನ್ನ ಲೆಕ್ಕದಲ್ಲಿ ಮಲೆನಾಡಿನ ಮೊದಲ ವಾಟರ್ ಕಲರ್ ಕಾರ್ಡು ಅದೇ. ಅದಕ್ಕೆ ಯಾರೂ ಶಿಬಿರ ಮಾಡಲಿಲ್ಲ.

ಇರಲಿ, ಚಿತ್ರಕ್ಕೆ ಬರೋಣ. ವಾಟರ್ ಕಲರ್ ಕಲಿಯಲು ಚಿಕ್ಕಮಗಳೂರಿಗಿಂತ ಸುಲಭದ ಊರಿಲ್ಲ. ಈ ಕಲೆಯಲ್ಲಿ ಬಿಳಿಯನ್ನು ಸಾಮಾನ್ಯವಾಗಿ ಹಚ್ಚುವುದಿಲ್ಲ, ಕಾಗದವನ್ನೇ ಬಿಳಿಯಾಗಿ ಬಿಟ್ಟುಬಿಡುತ್ತಾರೆ. ಅಂದರೆ ಅರ್ಧ ಕಾರ್ಡು ಖಾಲಿ ಬಿಟ್ಟರೆ ಅದು ಮಂಜು. ಮುಕ್ಕಾಲು ಖಾಲಿ ಬಿಟ್ಟರೆ ಮುಳ್ಳಯ್ಯನಗಿರಿಯ ಬೆಳಗು. ಪೂರ್ತಿ ಖಾಲಿ ಬಿಟ್ಟರೆ ಜುಲೈ ತಿಂಗಳು. ಶಿಬಿರಕ್ಕೆ ಬಂದವರೆಲ್ಲ ಬಿಡಿಸುವುದು ಒಂದೇ ಚಿತ್ರ: ಹಿಂದೆ ತಿಳಿ ನೀಲಿ ಬೆಟ್ಟ, ಮುಂದೆ ಗಾಢ ನೀಲಿ ಬೆಟ್ಟ, ಮಧ್ಯೆ ಮೇಲೆ ಹೇಳಿದ ಖಾಲಿ ಜಾಗ.

ಆ ಬೆಟ್ಟಕ್ಕೆ ಭಾನುವಾರ ಹೋಗಿ ಬಂದವರಿಗೆ ಗೊತ್ತು ಅಲ್ಲಿ ನಿಜವಾಗಿ ಏನು ಕಾಣುತ್ತದೆ ಅಂತ. ಕೈಮರ ಚೆಕ್‌ಪೋಸ್ಟಿನಿಂದಲೇ ಗಾಡಿ ಸಾಲು. ಸೀತಾಳಯ್ಯನಗಿರಿ ಹತ್ತಿರ ಹಾರ್ನು. ಮೇಲೆ ಹೋಗುವವರಿಗೆ ಇಳಿಯುವವರು ಬೈಯುವುದು, ಇಳಿಯುವವರಿಗೆ ಜೀಪಿನವರು ಬೈಯುವುದು, ನಡುವೆ ಮಂಡಕ್ಕಿ, ಮ್ಯಾಗಿ, ಜೋಳ. ಕೊನೆಗೆ ಜಿಲ್ಲಾಡಳಿತ ಗಾಡಿಗಳಿಗೆ ಮಿತಿ ಹಾಕಿ, ಬೆಟ್ಟ ನೋಡಲೂ ಆನ್‌ಲೈನ್ ಬುಕಿಂಗ್ ಮಾಡಬೇಕಾಯಿತು. ಇದ್ಯಾವುದೂ ಯಾರ ಕಾರ್ಡಿನಲ್ಲೂ ಇಲ್ಲ. ಕೇಳಿದರೆ, ‘ಅಷ್ಟೊಂದು ಗಾಡಿ ಬಿಡಿಸೋದು ಕಷ್ಟ ಸಾರ್, ಮಂಜು ಹಾಕಿದೆ’ ಅನ್ನುತ್ತಾರೆ. ಹಾಕಿದ್ದಲ್ಲ, ಹಾಕದೇ ಬಿಟ್ಟದ್ದು. ನಮ್ಮ ಪ್ರವಾಸೋದ್ಯಮದ ಜಾಹೀರಾತುಗಳೂ ಇದೇ ಶಾಲೆಯಲ್ಲಿ ಕಲಿತಿರಬೇಕು.

ಕಾಗದದ ವಿಷಯ ಇನ್ನೂ ಸೊಗಸು. ಅಂಚೆಯ ಕಾರ್ಡು 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, ತೆಳ್ಳಗೆ. ಅದರ ಮೇಲೆ ನೀರು ಹಾಕಿದರೆ ಹಪ್ಪಳದ ಹಾಗೆ ಸುರುಳಿಕೊಳ್ಳುತ್ತದೆ. ಅದಕ್ಕೇ ಬಲ್ಲವರು 300 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ದಪ್ಪ ಹತ್ತಿಯ ಕಾಗದ ತಂದು, ಅಳತೆಗೆ ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪು ಅಂಟಿಸಿ ಬಿಡಿಸುತ್ತಾರೆ. ಅದು ಸರಿಯಾದ ಕ್ರಮವೇ. ನಾನೂ ಹಾಗೇ ಮಾಡುವುದು. ಆದರೆ ಮಳೆಗಾಲದಲ್ಲಿ ಅದು ಒಣಗಬೇಕಲ್ಲ? ಮೂಡಿಗೆರೆ ಕಡೆ ಜುಲೈನಲ್ಲಿ ಪಂಚೆಯೇ ಒಣಗುವುದಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ, ಒದ್ದೆ ಬನಿಯನ್ನಿನ ಪಕ್ಕ ಮುಳ್ಳಯ್ಯನಗಿರಿಯನ್ನು ನೇತು ಹಾಕಬೇಕು. ಹೊಗೆಯ ವಾಸನೆ ಉಚಿತ.

ಒಣಗಿದರೂ ಮುಗಿಯಲಿಲ್ಲ. ವಾಟರ್ ಕಲರ್ ಹಿಡಿದುಕೊಳ್ಳುವುದು ಗೋಂದಿನಿಂದ. ಮತ್ತೆ ನೀರು ಬಿದ್ದರೆ ಮತ್ತೆ ಕರಗುತ್ತದೆ. ಕೊಪ್ಪದ ಮಳೆಯಲ್ಲಿ ಅಂಚೆಯಣ್ಣನ ಚೀಲದೊಳಗೆ ಕೂತು ಹೊರಟ ಬೆಟ್ಟ, ತಲುಪುವಾಗ ಕೆರೆಯಾಗಿರುತ್ತದೆ. ಆದರೆ ಅದರ ಮೇಲೆ ಒತ್ತಿದ ಕಪ್ಪು ಮುದ್ರೆಗೆ ಏನೂ ಆಗುವುದಿಲ್ಲ. ಸರ್ಕಾರದ ಶಾಯಿ ನೋಡಿ, ಸಹಿ ಬಿಟ್ಟು ಉಳಿದ ಎಲ್ಲಾ ಕಡೆ ಗಟ್ಟಿ.

ಶಿಬಿರದವರಿಗೆ ಈ ಚಿಂತೆ ಇಲ್ಲ. ಅವರು ಕಾರ್ಡಿನ ಸುತ್ತ ಕಾಫಿ ಬೀಜ ಚೆಲ್ಲಿ, ಪಕ್ಕ ಬ್ರಶ್ಶು ಓರೆಯಾಗಿಟ್ಟು, ಫೋಟೋ ಹೊಡೆದು ಸ್ಟೇಟಸ್ಸಿಗೆ ಹಾಕಿರುತ್ತಾರೆ. ಯಾರಿಗೆ ಕಳಿಸಬೇಕೋ ಅವರು ಅಷ್ಟರಲ್ಲಿ ನೋಡಿ, ಬೆಂಕಿ ಚಿಹ್ನೆ ಹಾಕಿ, ಊಟಕ್ಕೆ ಹೋಗಿರುತ್ತಾರೆ. ಕಾರ್ಡು ಇನ್ನೂ ಒದ್ದೆ.

ಆಮೇಲೆ ಒಬ್ಬರಿಗೆ ನೆನಪಾಗುತ್ತದೆ, ವಿಳಾಸ ಬೇಕು ಅಂತ. ಇಪ್ಪತ್ತು ವರ್ಷದ ಗೆಳೆತನ, ಮನೆ ನಂಬರು ಗೊತ್ತಿಲ್ಲ. ಅಡ್ರೆಸ್ ಕಳಿಸು ಎಂದರೆ ಬರುವುದು ಲೊಕೇಶನ್ನು. ಪಿನ್ ಕೇಳಿದರೆ ‘ಯಾವ ಪಿನ್? ಎಟಿಎಂದಾ? ಅದ್ಯಾಕೆ ನಿಂಗೆ?’ ಎಂದು ಜಗಳ. 1972ರ ಆಗಸ್ಟ್ 15ರಿಂದ ಈ ಆರು ಅಂಕಿ ನಮ್ಮ ಜೊತೆ ಇವೆ. ನಮ್ಮ ಪೇಟೆಗೆ 577101. ಈಗ ಇಲಾಖೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ 2025ರಲ್ಲಿ ಡಿಜಿಪಿನ್ ತಂದಿದೆ. ದೇಶವನ್ನೆಲ್ಲ ಸುಮಾರು 4 ಮೀಟರ್ ಚೌಕಗಳಾಗಿ ಕತ್ತರಿಸಿ, ಒಂದೊಂದಕ್ಕೂ ಹತ್ತು ಅಕ್ಷರ-ಅಂಕಿಗಳ ಹೆಸರು. ಇನ್ನು ಮೇಲೆ ನಮ್ಮ ಅಡುಗೆಮನೆಗೆ ಒಂದು, ಕೊಟ್ಟಿಗೆಗೆ ಒಂದು. ಒಳ್ಳೆಯದೇ. ಆದರೆ ನಮ್ಮ ಅಂಚೆಯಣ್ಣ ಈಗಲೂ ‘ಹಲಸಿನ ಮರದ ಮನೆ, ನಾಯಿ ಇದೆ’ ಎಂಬ ವಿಳಾಸದ ಮೇಲೇ ನಡೆಯುತ್ತಿದ್ದಾರೆ. ನಾಯಿಯ ಮಾಹಿತಿ ಡಿಜಿಪಿನ್‌ನಲ್ಲಿ ಇಲ್ಲ.

ಕೊನೆಗೆ ಕೌಂಟರು. ನಾನು ಕೈಯಾರೆ ಬಿಡಿಸಿದ ಕಾರ್ಡು ಹಿಡಿದು ಒಂದು ಅಂಚೆ ಕಚೇರಿಗೆ ಹೋದೆ.

‘ಇದೇನ್ ಸಾರ್, ಗ್ರೀಟಿಂಗಾ?’

‘ಪೋಸ್ಟ್‌ಕಾರ್ಡು ಮೇಡಂ. ನಾನೇ ಬಿಡಿಸಿದ್ದು.’

‘ಪ್ರಿಂಟಾ?’

‘ಇಲ್ಲ, ಕೈಯಲ್ಲಿ.’

‘ಕೈಯಲ್ಲಿ ಪ್ರಿಂಟ್ ಮಾಡಿದ್ರಾ?’

ಪ್ರಶ್ನೆಯಲ್ಲಿ ತಪ್ಪಿಲ್ಲ. ಸಾದಾ ಕಾರ್ಡಿಗೆ 50 ಪೈಸೆ, ಮುದ್ರಿತ ಕಾರ್ಡಿಗೆ 6 ರೂಪಾಯಿ, ಟಿ.ವಿ. ಸ್ಪರ್ಧೆಗೆ ಕಳಿಸುವ ಕಾರ್ಡಿಗೆ 10 ರೂಪಾಯಿ ಎಂದು ದರಪಟ್ಟಿ ಇದೆ. ಬೆಟ್ಟಕ್ಕೆ ಎಷ್ಟು ಅಂತ ಇಲ್ಲ. ಪಕ್ಕದ ಕುರ್ಚಿಯವರನ್ನು ಕರೆದರು. ಅವರು ಕಾರ್ಡು ತಿರುಗಿಸಿ ನೋಡಿ, ‘ಅರ್ಧ ಖಾಲಿ ಇದೆಯಲ್ಲ, ಪೂರ್ತಿ ಮಾಡ್ಕೊಂಡು ಬನ್ನಿ’ ಅಂದರು. ಅದು ಮಂಜು ಎಂದೆ. ಮೂರನೆಯವರು ಬಂದು ತೀರ್ಪು ಕೊಟ್ಟರು: ‘ಸುಮ್ನೆ ಯಾಕೆ ರಿಸ್ಕು? ಕವರಿಗೆ ಹಾಕಿ ಸ್ಪೀಡ್ ಪೋಸ್ಟ್ ಮಾಡಿ ಸಾರ್. ಎಲ್ಲಿ ಹೋಯ್ತು ಅಂತ ಮೊಬೈಲಲ್ಲೇ ನೋಡಬಹುದು.’

ಶಿಬಿರದವರು ಮಾಡುವುದೂ ಅದನ್ನೇ, ಸ್ವಲ್ಪ ಜಾಸ್ತಿ ಅಚ್ಚುಕಟ್ಟಾಗಿ. ಲಕೋಟೆ ಬೇಡ ಎಂದೇ ಹುಟ್ಟಿದ ಕಾರ್ಡನ್ನು ಮೊದಲು ಪ್ಲಾಸ್ಟಿಕ್ಕಿಗೆ, ಆಮೇಲೆ ಗುಳ್ಳೆ ಕವರಿಗೆ, ಆಮೇಲೆ ರಟ್ಟಿನ ಪೆಟ್ಟಿಗೆಗೆ ಹಾಕಿ ಕೊರಿಯರ್ ಮಾಡುತ್ತಾರೆ. ಕೇಳಿದರೆ, ತೆರೆದ ಕಾರ್ಡನ್ನು ಯಾರಾದರೂ ಓದಿಬಿಟ್ಟರೆ ಎಂಬ ಭಯವಂತೆ. ಅದೇ ನಾಲ್ಕು ಸಾಲನ್ನು ಊರಿಗೆಲ್ಲ ಕಾಣುವ ಹಾಗೆ ಸ್ಟೇಟಸ್ಸಿಗೆ ಹಾಕಿದ್ದು ಅವರೇ.

ನಾನು ಹಟಕ್ಕೆ ಬಿದ್ದು 6 ರೂಪಾಯಿಯ ಸ್ಟಾಂಪು ಅಂಟಿಸಿ ಕೆಂಪು ಡಬ್ಬಿಗೇ ಹಾಕಿದೆ. ಕಾರ್ಡು ಬೆಂಗಳೂರು ತಲುಪಿತು. ಬೆಟ್ಟವೂ ಬಹುಪಾಲು ತಲುಪಿತು. ಗೆಳೆಯನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವರು ಪದ್ಧತಿಯಂತೆ ಆ್ಯಪ್ ಒತ್ತಿ, ಆಮೇಲೆ ಫೋನೂ ಮಾಡಿದರಂತೆ: ‘ಸಾರ್, ನಿಮಗೊಂದು ಕಾರ್ಡ್ ಬಂದಿದೆ. ಒಳಗೆ ಕಳಿಸ್ಲಾ?’

‘ಬೇಡ, ವಾಪಸ್ ಕಳಿಸಿ’ ಅಂದನಂತೆ ಪುಣ್ಯಾತ್ಮ. ‘ನಾನು ಯಾವ ಬ್ಯಾಂಕಿಗೂ ಅಪ್ಲೈ ಮಾಡಿಲ್ಲ.’