ವಿದೇಶಿ ಹೂಡಿಕೆದಾರರಿಗೆ ನಮ್ಮ ಕೋರ್ಟ್ ಸಾಲದೇ? ಒಂದು ಪ್ರಶ್ನೆ, ಎರಡು ಉತ್ತರ

ದ್ವಿಪಕ್ಷೀಯ ಹೂಡಿಕೆ ಒಪ್ಪಂದಗಳ (ಒಂದು ದೇಶದವರು ಇನ್ನೊಂದರಲ್ಲಿ ಹಾಕುವ ದುಡ್ಡಿಗೆ ರಕ್ಷಣೆ ಕೊಡಲು ಎರಡು ದೇಶಗಳು ಮಾಡಿಕೊಳ್ಳುವ ಒಪ್ಪಂದಗಳ) ಮಾದರಿಯನ್ನು ಹೂಡಿಕೆದಾರರಿಗೆ ಅನುಕೂಲವಾಗುವಂತೆ ತಿದ್ದುತ್ತೇವೆ ಎಂದು 2025ರ ಫೆಬ್ರವರಿಯ ಬಜೆಟ್ ಭಾಷಣದಲ್ಲಿ ಕೇಂದ್ರ ಸರ್ಕಾರ ಹೇಳಿತು. ಈಗಿರುವುದು 2016ರ ಮಾದರಿ. ಅದರ ಪ್ರಕಾರ, ಸರ್ಕಾರದಿಂದ ಅನ್ಯಾಯವಾಯಿತು ಅನ್ನುವ ವಿದೇಶಿ ಕಂಪನಿ ಮೊದಲು ಭಾರತದ ಕೋರ್ಟಿಗೇ ಹೋಗಬೇಕು. ಕನಿಷ್ಠ 5 ವರ್ಷ ಅಲ್ಲಿ ಹೋರಾಡಬೇಕು. ಆಮೇಲಷ್ಟೇ ಅಂತರರಾಷ್ಟ್ರೀಯ ಮಧ್ಯಸ್ಥಿಕೆ, ಅಂದರೆ ಕೋರ್ಟಿನ ಹೊರಗೆ, ಆ ಕೇಸಿಗೆಂದೇ ನೇಮಿಸಿದ ಮಂಡಳಿಯ ತೀರ್ಪು. 2024ರಲ್ಲಿ ಯುಎಇ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಈ ಅವಧಿ 3 ವರ್ಷಕ್ಕೆ ಇಳಿದಿದೆ. ಈ ದಾರಿಯನ್ನು ಇನ್ನೂ ಅಗಲ ಮಾಡಬೇಕೇ?

ಪರ: ಮಾತು ಕೊಟ್ಟವರೇ ತೀರ್ಪು ಹೇಳಬಾರದು

ಅಗಲ ಮಾಡಬೇಕು. ಯಾಕೆ ಅಂತ ತಿಳಿಯಲು ಪಿಪರ್‌ವಾರ್ ಕಲ್ಲಿದ್ದಲು ಗಣಿಯ ವಿಷಯ ನೋಡಿ.

ಈಗಿನ ಜಾರ್ಖಂಡ್‌ನಲ್ಲಿರುವ ಈ ಗಣಿಯನ್ನು ಅಭಿವೃದ್ಧಿ ಮಾಡಲು 1989ರಲ್ಲಿ ಆಸ್ಟ್ರೇಲಿಯಾದ ವೈಟ್ ಇಂಡಸ್ಟ್ರೀಸ್ ಕಂಪನಿ ಸರ್ಕಾರಿ ಸಂಸ್ಥೆ ಕೋಲ್ ಇಂಡಿಯಾ ಜೊತೆ ಕರಾರು ಮಾಡಿಕೊಂಡಿತು. ಬೋನಸ್ಸು, ದಂಡದ ಲೆಕ್ಕದಲ್ಲಿ ಜಗಳ ಬಂತು. 2002ರಲ್ಲಿ ಮಧ್ಯಸ್ಥಗಾರರು ವೈಟ್ ಪರವಾಗಿ ತೀರ್ಪು ಕೊಟ್ಟರು. ಮೊತ್ತ 40 ಲಕ್ಷ ಆಸ್ಟ್ರೇಲಿಯನ್ ಡಾಲರ್‌ಗಿಂತ ಸ್ವಲ್ಪ ಜಾಸ್ತಿ. ಕೋಲ್ ಇಂಡಿಯಾದಂಥ ಸಂಸ್ಥೆಗೆ ಅದು ದೊಡ್ಡ ದುಡ್ಡೇ ಅಲ್ಲ. ಆದರೂ ತೀರ್ಪು ರದ್ದು ಮಾಡಿ ಎಂದು ಕೋಲ್ ಇಂಡಿಯಾ ಕಲ್ಕತ್ತಾ ಹೈಕೋರ್ಟಿಗೆ ಹೋಯಿತು. ಜಾರಿ ಮಾಡಿಸಿಕೊಡಿ ಎಂದು ವೈಟ್ ದೆಹಲಿ ಹೈಕೋರ್ಟಿಗೆ ಹೋಯಿತು. ಕಲ್ಕತ್ತಾದಲ್ಲಿ ಈ ಕೇಸು ನಡೆಸುವ ಹಾಗೇ ಇಲ್ಲ ಎಂದು ವೈಟ್ ಹಾಕಿದ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ವರ್ಷಗಟ್ಟಲೆ ಕೂತಿತು. ತೀರ್ಪು ಬಂದು ಎಂಟು ವರ್ಷ ಕಳೆದರೂ ಕೈಗೆ ದುಡ್ಡು ಬರಲಿಲ್ಲ. ಕೊನೆಗೆ ಅವರು ಭಾರತ–ಆಸ್ಟ್ರೇಲಿಯಾ ಹೂಡಿಕೆ ಒಪ್ಪಂದ ಹಿಡಿದು ಭಾರತದ ಮೇಲೇ ದಾವೆ ಹೂಡಿದರು, 2011ರ ನವೆಂಬರ್‌ನಲ್ಲಿ ಗೆದ್ದರು. ಹಕ್ಕು ಚಲಾಯಿಸಲು ಪರಿಣಾಮಕಾರಿ ದಾರಿಯನ್ನು ಭಾರತ ಒದಗಿಸಲಿಲ್ಲ ಎಂದು ನ್ಯಾಯಮಂಡಳಿ ಹೇಳಿತು.

ಕೋರ್ಟು ಮೆಟ್ಟಿಲು ಹತ್ತಿದ ಯಾರನ್ನೇ ಕೇಳಿ, ಅದು ಸುಳ್ಳು ಅನ್ನುವುದಿಲ್ಲ. ಜಿಲ್ಲಾ ಮತ್ತು ಕೆಳಗಿನ ಕೋರ್ಟುಗಳಲ್ಲೇ 4 ಕೋಟಿಗೂ ಹೆಚ್ಚು ಕೇಸುಗಳು ಬಾಕಿ ಇವೆ. ಈ ಸೋಲಿನಿಂದ ಸರ್ಕಾರ ಕೋರ್ಟುಗಳನ್ನು ಚುರುಕು ಮಾಡುವ ಪಾಠ ಕಲಿಯಬೇಕಿತ್ತು. ಬದಲಿಗೆ 70ಕ್ಕೂ ಹೆಚ್ಚು ಹಳೇ ಒಪ್ಪಂದಗಳನ್ನು ಕೊನೆಗೊಳಿಸಿತು. ಹೊಸ ಮಾದರಿಯಲ್ಲಿ, ಅದೇ ಕೋರ್ಟುಗಳಲ್ಲಿ 5 ವರ್ಷ ಇರಿ ಎಂದು ಬರೆಯಿತು.

ವೊಡಾಫೋನ್ ಪ್ರಕರಣವಂತೂ ಇನ್ನೂ ಸ್ಪಷ್ಟ. 2007ರಲ್ಲಿ ಅದು ಹಚಿಸನ್‌ನ ಭಾರತದ ಮೊಬೈಲ್ ವ್ಯವಹಾರ ಕೊಂಡಿತು. ವಹಿವಾಟು ನಡೆದದ್ದು ಹೊರದೇಶದ ಎರಡು ಕಂಪನಿಗಳ ನಡುವೆ. ತೆರಿಗೆ ಕಟ್ಟಿ ಎಂದು ಇಲಾಖೆ ನೋಟಿಸ್ ಕೊಟ್ಟಿತು. ವೊಡಾಫೋನ್ ಯಾವ ವಿದೇಶಿ ಮಂಡಳಿಗೂ ಓಡಲಿಲ್ಲ. ನಮ್ಮ ಕೋರ್ಟಿಗೇ ಹೋಯಿತು. 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಕೆಲವೇ ತಿಂಗಳಲ್ಲಿ ಸರ್ಕಾರ ಕಾನೂನನ್ನೇ ಬದಲಿಸಿ ಇಂಥ ವಹಿವಾಟಿಗೂ ತೆರಿಗೆ ಎಂದಿತು, ಅದೂ ಹಿಂದಿನ ದಿನಾಂಕದಿಂದ, 1962ರಿಂದಲೇ ಅನ್ವಯವಾಗುವಂತೆ! ಮೊದಲು ನಮ್ಮ ಕೋರ್ಟಿಗೆ ಹೋಗಿ ಅನ್ನುವವರು ಇದಕ್ಕೆ ಉತ್ತರ ಕೊಡಬೇಕು. ಹೋಗಿ ಗೆದ್ದು ಬಂದವನಿಗೇ ಹೀಗಾದರೆ ಅವನು ಇನ್ನೆಲ್ಲಿಗೆ ಹೋಗಬೇಕು? 2020ರ ಸೆಪ್ಟೆಂಬರ್‌ನಲ್ಲಿ ಮಧ್ಯಸ್ಥಿಕೆ ಮಂಡಳಿ ಒಮ್ಮತದಿಂದ ವೊಡಾಫೋನ್ ಪರ ನಿಂತಿತು. ಭಾರತ ನೇಮಿಸಿದ ಸದಸ್ಯರೂ ಆ ಒಮ್ಮತದಲ್ಲಿದ್ದರು. ಅದೇ ಡಿಸೆಂಬರ್‌ನಲ್ಲಿ, ಇದೇ ತೆರಿಗೆಯ ಇನ್ನೊಂದು ಕೇಸಿನಲ್ಲಿ, ಬ್ರಿಟನ್ನಿನ ತೈಲ ಕಂಪನಿ ಕೇರ್ನ್‌ಗೆ 120 ಕೋಟಿ ಡಾಲರ್ ಕೊಡಿ ಎಂಬ ತೀರ್ಪು ಬಂತು. 2021ರ ಆಗಸ್ಟ್‌ನಲ್ಲಿ ಸಂಸತ್ತು ಆ ಹಿಂದಿನ ದಿನಾಂಕದ ತೆರಿಗೆಯನ್ನು ಕೈಬಿಟ್ಟಿತು. ಆ ಎರಡು ತೀರ್ಪು ಇಲ್ಲದಿದ್ದರೆ ಕೈಬಿಡುತ್ತಿತ್ತು ಅಂತ ನನಗಂತೂ ಅನ್ನಿಸುವುದಿಲ್ಲ. 2016ರ ಮಾದರಿಯಲ್ಲಿ ತೆರಿಗೆಯ ವಿಷಯವನ್ನೇ ಹೊರಗಿಟ್ಟಿದ್ದಾರೆ. ಅಂದರೆ ನಾಳೆ ಇಂಥದ್ದೇ ನಡೆದರೆ ಕೇಳುವವರಿಲ್ಲ.

ಈ ದಾರಿ ಬರೀ ಹೊರಗಿನಿಂದ ಬರುವವರಿಗೆ ಅಲ್ಲ. ನಮ್ಮವರೂ ಹೊರಗೆ ಹೋಗಿ ದುಡ್ಡು ಹಾಕುತ್ತಾರೆ. ಆಗ ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇದ್ದ ಜಿಎಂಆರ್ 2010ರಲ್ಲಿ ಮಾಲ್ಡೀವ್ಸ್‌ನ ಮಾಲೆ ವಿಮಾನ ನಿಲ್ದಾಣವನ್ನು 25 ವರ್ಷಕ್ಕೆ ಗುತ್ತಿಗೆ ಪಡೆಯಿತು. ಸುಮಾರು 51 ಕೋಟಿ ಡಾಲರ್‌ನ ಯೋಜನೆ. 2012ರಲ್ಲಿ ಅಲ್ಲಿ ಅಧಿಕಾರ ಕೈ ಬದಲಾಯಿತು. ನವೆಂಬರ್‌ನಲ್ಲಿ ಹೊಸ ಸರ್ಕಾರ ಕರಾರೇ ಅಸಿಂಧು ಎಂದು ಹೇಳಿ, ಏಳು ದಿನದಲ್ಲಿ ಜಾಗ ಖಾಲಿ ಮಾಡಿ ಎಂದಿತು. ಡಿಸೆಂಬರ್‌ನಲ್ಲಿ ಜಿಎಂಆರ್ ನಿಲ್ದಾಣ ಬಿಟ್ಟುಕೊಟ್ಟಿತು. ಮಾಲೆಯ ಕೋರ್ಟಿನಲ್ಲಿ 5 ವರ್ಷ ಹೋರಾಡಿ ಎಂದು ನಮ್ಮ ಕಂಪನಿಗೆ ಹೇಳಲು ನಾವು ತಯಾರಿದ್ದೇವಾ? ಕರಾರಿನಲ್ಲಿ ಸಿಂಗಾಪುರದ ಮಧ್ಯಸ್ಥಿಕೆ ಎಂದು ಬರೆದಿದ್ದರಿಂದ ಬಚಾವಾದರು. ಕರಾರು ಸಿಂಧುವೇ ಎಂದು 2014ರಲ್ಲಿ ಮಂಡಳಿ ಹೇಳಿತು. 2016ರಲ್ಲಿ ಮಾಲ್ಡೀವ್ಸ್ ಸುಮಾರು 27 ಕೋಟಿ ಡಾಲರ್ ಕೊಟ್ಟಿತು. ವಾರ್ಸಾ ವಿಮಾನ ನಿಲ್ದಾಣದಲ್ಲಿ ಮಳಿಗೆಗಳನ್ನು ಕಳೆದುಕೊಂಡ ಭಾರತದ ಫ್ಲೆಮಿಂಗೊ ಕಂಪನಿಯೂ ಭಾರತ–ಪೋಲೆಂಡ್ ಒಪ್ಪಂದದ ಬಲದಿಂದಲೇ 2016ರಲ್ಲಿ ಪರಿಹಾರ ಗೆದ್ದಿತು.

ಇನ್ನು ದೇವಾಸ್, ಇಸ್ರೋದ ಉಪಗ್ರಹ ತರಂಗಾಂತರಕ್ಕಾಗಿ ಕರಾರು ಮಾಡಿಕೊಂಡಿದ್ದ ಬೆಂಗಳೂರಿನ ಕಂಪನಿ. ವಿರೋಧಿಸುವವರು ಮೊದಲು ಎತ್ತುವ ಹೆಸರೇ ಇದು. ಕಂಪನಿ ಹುಟ್ಟಿದ್ದೇ ವಂಚನೆಗಾಗಿ ಎಂದು ನಮ್ಮ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ, ನಿಜ. ಆದರೆ 2011ರಲ್ಲಿ ಕರಾರು ರದ್ದು ಮಾಡುವಾಗ ಸರ್ಕಾರ ವಂಚನೆ ಅಂದಿರಲಿಲ್ಲ. ಆ ತರಂಗಾಂತರ ರಕ್ಷಣೆಗೆ ಬೇಕು ಅಂದಿತ್ತು. ವಂಚನೆಯನ್ನು ಆಗಲೇ ಮುಂದಿಟ್ಟಿದ್ದರೆ ಮಂಡಳಿಗಳು ಅದನ್ನೇ ತೂಗುತ್ತಿದ್ದವು. ಮಧ್ಯಸ್ಥಿಕೆಯಲ್ಲಿ ವಂಚನೆಗೆ ಮದ್ದಿಲ್ಲ ಅನ್ನುವುದೂ ಸರಿಯಲ್ಲ. ಪಿ ಆಂಡ್ ಐಡಿ ಎಂಬ ಕಂಪನಿ ನೈಜೀರಿಯಾ ವಿರುದ್ಧ ಗೆದ್ದಿದ್ದ ತೀರ್ಪು ಬಡ್ಡಿ ಸೇರಿ 1,100 ಕೋಟಿ ಡಾಲರ್ ತಲುಪಿತ್ತು. ಲಂಚ, ಮೋಸದಿಂದ ಪಡೆದದ್ದು ಎಂದು 2023ರಲ್ಲಿ ಲಂಡನ್ ಹೈಕೋರ್ಟ್ ತೀರ್ಮಾನಿಸಿತು, ಅದು ರದ್ದಾಯಿತು.

ಹಾಗಾಗಿ ಯುಎಇಗೆ ಕೊಟ್ಟ 3 ವರ್ಷವನ್ನು ಎಲ್ಲರಿಗೂ ಕೊಡಬೇಕು. ತೆರಿಗೆಯನ್ನು, ಕಡೇಪಕ್ಷ ಹಿಂದಿನ ದಿನಾಂಕದಿಂದ ಹಾಕುವ ತೆರಿಗೆಯನ್ನು, ಮತ್ತೆ ಒಪ್ಪಂದದ ಒಳಗೆ ತರಬೇಕು.

ವಿರೋಧ: ನಮ್ಮ ತರಂಗಾಂತರದ ಲೆಕ್ಕ ಹೇಗ್‌ನಲ್ಲಿ ಯಾಕೆ?

ದೇವಾಸ್ ವಿಷಯವನ್ನು ಮೂರು ಸಾಲಿನಲ್ಲಿ ದಾಟಿ ಹೋಗಲು ಆಗುವುದಿಲ್ಲ. ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಪೂರ್ತಿ ನೋಡೋಣ.

2005ರ ಜನವರಿಯಲ್ಲಿ ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್, ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯಾ ಜೊತೆ ಕರಾರು ಮಾಡಿಕೊಂಡಿತು. ಎರಡು ಉಪಗ್ರಹಗಳ ಮೂಲಕ 70 ಮೆಗಾಹರ್ಟ್ಸ್ ಎಸ್-ಬ್ಯಾಂಡ್ ತರಂಗಾಂತರ ದೇವಾಸ್ ಕೈಗೆ ಹೋಗುವುದಿತ್ತು. ಸೇನೆಗೂ ಬೇಕಾದ ತರಂಗಾಂತರ ಅದು. 2011ರ ಫೆಬ್ರವರಿಯಲ್ಲಿ ಕೇಂದ್ರ ಸಂಪುಟದ ಭದ್ರತಾ ಸಮಿತಿ ಕರಾರು ರದ್ದು ಮಾಡಿತು. ಈ ಒಂದು ನಿರ್ಧಾರದ ಮೇಲೆ ಮೂರು ಕಡೆ ಕೇಸು ಬಿತ್ತು. ಕಂಪನಿ ಕರಾರಿನ ಪ್ರಕಾರ ಒಂದು ಮಧ್ಯಸ್ಥಿಕೆಗೆ ಹೋಯಿತು. ಅದರ ಮಾರಿಷಸ್ ಷೇರುದಾರರು ಭಾರತ–ಮಾರಿಷಸ್ ಒಪ್ಪಂದ ಹಿಡಿದರು. ಇನ್ನೊಬ್ಬ ಷೇರುದಾರ ಡಾಯ್ಚ ಟೆಲಿಕಾಂ ಭಾರತ–ಜರ್ಮನಿ ಒಪ್ಪಂದ ಹಿಡಿಯಿತು. ಒಂದೇ ನಷ್ಟಕ್ಕೆ ಮೂರು ಬಾಗಿಲು! ನಮ್ಮ ಯಾವ ಕೋರ್ಟಿನಲ್ಲೂ ಇದು ನಡೆಯುವುದಿಲ್ಲ.

ಆ ಮಂಡಳಿಗಳು ಕೊಟ್ಟ ಉತ್ತರಗಳನ್ನೂ ನೋಡಿ. ನೆದರ್‌ಲೆಂಡ್ಸ್‌ನ ಹೇಗ್ ನಗರದಲ್ಲಿ ಕೂತ, ಮಾರಿಷಸ್ ಷೇರುದಾರರ ಕೇಸಿನ ಮಂಡಳಿ, ಶೇ 60ರಷ್ಟು ತರಂಗಾಂತರವನ್ನು ಭದ್ರತೆಗಾಗಿ ವಾಪಸ್ ಪಡೆದದ್ದು ಸರಿ, ಉಳಿದ ಶೇ 40ಕ್ಕೆ ಪರಿಹಾರ ಕೊಡಿ ಎಂದಿತು. ಡಾಯ್ಚ ಟೆಲಿಕಾಂ ಕೇಸು ಕೇಳಿದ ಜಿನೀವಾದ ಮಂಡಳಿ ಅದೇ ನಿರ್ಧಾರ, ಅದೇ ಕಾಗದಪತ್ರ ನೋಡಿ ಭದ್ರತೆಯ ವಾದವನ್ನೇ ಒಪ್ಪಲಿಲ್ಲ. ನಮ್ಮ ಸೇನೆಗೆ ಎಷ್ಟು ತರಂಗಾಂತರ ಬೇಕು ಎಂಬುದನ್ನು ಮೂವರು ವಕೀಲರು ಒಂದು ಊರಲ್ಲಿ ಶೇಕಡಾವಾರು ಲೆಕ್ಕ ಹಾಕಿದರು, ಇನ್ನೊಂದು ಊರಲ್ಲಿ ಮೂವರು ಬೇರೆಯೇ ಹೇಳಿದರು. ಯಾರು ಸರಿ? ಹೇಳಲು ಮೇಲಿನ ಕೋರ್ಟೇ ಇಲ್ಲ. ಕೆಳಗಿನ ಕೋರ್ಟು ತಪ್ಪಿದರೆ ಹೈಕೋರ್ಟು, ಅದೂ ತಪ್ಪಿದರೆ ಸುಪ್ರೀಂ ಕೋರ್ಟು ಎಂಬ ಏಣಿ ನಮಗಿದೆ. ಇಲ್ಲಿ ತೀರ್ಪಿನ ತಿರುಳನ್ನು ಮತ್ತೆ ತೂಗುವವರೇ ಇಲ್ಲ.

ದೇವಾಸ್‌ಗೆ ವಿದೇಶದಿಂದ ಬಂದ ಹೂಡಿಕೆ 579 ಕೋಟಿ ರೂಪಾಯಿ. ಕರಾರಿನ ಮಧ್ಯಸ್ಥಿಕೆ 2015ರಲ್ಲಿ ಕೊಡಿಸಿದ್ದು 56.25 ಕೋಟಿ ಡಾಲರ್, ಬಡ್ಡಿ ಬೇರೆ. ಹಾಕಿದ ದುಡ್ಡನ್ನಷ್ಟೇ ಅಲ್ಲ, ಮುಂದೆ ಬರಬಹುದಿದ್ದ ಲಾಭದ ಅಂದಾಜನ್ನೂ ಸೇರಿಸುವ ಲೆಕ್ಕ ಇದು. ಕಂಪನಿಯನ್ನು ಮುಚ್ಚಲು ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ 2021ರಲ್ಲಿ ಆದೇಶಿಸಿತು, ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ದೆಹಲಿ ಹೈಕೋರ್ಟ್ 2022ರಲ್ಲಿ ಆ 56.25 ಕೋಟಿ ಡಾಲರ್‌ನ ತೀರ್ಪನ್ನೇ ರದ್ದು ಮಾಡಿತು. ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಇಲ್ಲ. ಷೇರುದಾರರು ಅಷ್ಟರೊಳಗೇ ಪ್ಯಾರಿಸ್‌ನಲ್ಲಿ ಭಾರತ ಸರ್ಕಾರದ ಮನೆಯೊಂದಕ್ಕೆ ಜಪ್ತಿ ಆದೇಶ ತಂದಿದ್ದರು. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತಾಂತ್ರಿಕ ಪ್ರಶ್ನೆಯಲ್ಲಿ ಅವರ ಪರ ನಿಂತು, ಕೇಸು ಅಲ್ಲಿ ಮುಂದುವರಿಯಲು ದಾರಿ ಮಾಡಿಕೊಟ್ಟಿತು. ವಂಚನೆ ಅಂತ ನಮ್ಮ ದೇಶದ ಅತಿ ದೊಡ್ಡ ಕೋರ್ಟ್ ಹೇಳಿದ ಮೇಲೂ ಜಗತ್ತಿನ ಬೇರೆ ಬೇರೆ ಊರುಗಳಲ್ಲಿ ವಸೂಲಿ ನಡೆಯುತ್ತಲೇ ಇದೆ.

ವೊಡಾಫೋನ್‌ಗೆ ಆದದ್ದು ತಪ್ಪು. ಒಪ್ಪುತ್ತೇನೆ. ಹಿಂದಿನ ದಿನಾಂಕದ ತೆರಿಗೆ ಕೆಟ್ಟ ಕಾನೂನು. ಆದರೆ ಕೆಟ್ಟ ಕಾನೂನು ವಿದೇಶಿಯರಿಗೆ ಮಾತ್ರ ತಟ್ಟುತ್ತದೆಯೇ? ಪೀಣ್ಯದ ಒಬ್ಬ ಸಣ್ಣ ಕಾರ್ಖಾನೆ ಮಾಲೀಕ ಸರ್ಕಾರಿ ಇಲಾಖೆಗೆ ಮಾಲು ಕೊಟ್ಟು ಬಿಲ್ಲಿಗಾಗಿ ಅಲೆಯುತ್ತಿದ್ದರೆ ಅವನಿಗೆ ಯಾವ ಒಪ್ಪಂದವೂ ಇಲ್ಲ, ಯಾವ ಹೇಗ್ ಕೂಡ ಇಲ್ಲ. ಅವನು ಸಿಟಿ ಸಿವಿಲ್ ಕೋರ್ಟಿನ ಕಾರಿಡಾರಿನಲ್ಲೇ ಕಾಯಬೇಕು. ಅವನ ಪಕ್ಕದ ಕಾರ್ಖಾನೆಗೆ ವಿದೇಶಿ ಷೇರುದಾರರಿದ್ದರೆ ಅವರಿಗೆ ಇನ್ನೊಂದು ದಾರಿ. ನನ್ನನ್ನು ಅತಿ ಹೆಚ್ಚು ನೋಯಿಸುವುದು ಇದೇ. ದೊಡ್ಡ ಹೂಡಿಕೆದಾರರೆಲ್ಲ ಕೋರ್ಟು ಬಿಟ್ಟು ಹೊರಗೆ ಹೋದರೆ, ಕೋರ್ಟು ಸುಧಾರಿಸಿ ಎಂದು ಗಟ್ಟಿಯಾಗಿ ಕೇಳುವ ಬಲ ಯಾರಿಗೆ ಉಳಿಯುತ್ತದೆ?

ಕಾನೂನು ಮಾಡುವ ಕೈಯನ್ನೂ ಇದು ಕಟ್ಟಿಹಾಕುತ್ತದೆ. ಸಿಗರೇಟು ಪ್ಯಾಕನ್ನು ಬ್ರ್ಯಾಂಡ್ ಗುರುತಿಲ್ಲದ ಸಾದಾ ಪ್ಯಾಕ್ ಮಾಡಿ ಎಂದು ಆಸ್ಟ್ರೇಲಿಯಾ ಕಾನೂನು ಮಾಡಿದಾಗ ಫಿಲಿಪ್ ಮೋರಿಸ್ ತನ್ನ ಹಾಂಗ್‌ಕಾಂಗ್ ಕಂಪನಿಯ ಮೂಲಕ ದಾವೆ ಹೂಡಿತು. 2015ರಲ್ಲಿ ಸೋತಿತು, ಸರಿ. ಆದರೆ ಆ ಕೇಸು ಏನಾಗುತ್ತದೋ ನೋಡೋಣ ಎಂದು ನ್ಯೂಜಿಲೆಂಡ್ ತನ್ನ ಕಾನೂನನ್ನು ವರ್ಷಗಟ್ಟಲೆ ತಡೆಹಿಡಿಯಿತು. ಸೋಲುವ ಕೇಸೂ ಕಂಪನಿಗೆ ಲಾಭವೇ.

ನಮ್ಮಲ್ಲಿ ಇದೇ ಜಗಳ ಹೇಗೆ ನಡೆಯಿತು ನೋಡಿ. ಪ್ಯಾಕಿನ ಶೇ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕೆಂಬ ನಿಯಮದ ಮೇಲಿನ ಕೇಸುಗಳನ್ನೆಲ್ಲ ಸುಪ್ರೀಂ ಕೋರ್ಟ್ 2016ರಲ್ಲಿ ಕರ್ನಾಟಕ ಹೈಕೋರ್ಟಿಗೆ ಕಳಿಸಿತು. 2017ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ಅಂದರೆ ಕಂಪನಿಗಳೇ ಗೆದ್ದವು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆರೋಗ್ಯದ ಪರ ದುಡಿಯುವ ಸಂಘಟನೆಗಳೂ ಅಲ್ಲಿ ನಿಂತು ಮಾತಾಡಿದವು. ತೆರೆದ ಕೋರ್ಟು, ಕನ್ನಡ ಪತ್ರಿಕೆಗಳಲ್ಲಿ ವರದಿ, ಮೇಲ್ಮನವಿಗೆ ಜಾಗ. ಜನರ ಆರೋಗ್ಯದ ಪ್ರಶ್ನೆ ಹೀಗೇ ತೀರ್ಮಾನವಾಗಬೇಕು.

ಬಡ ದೇಶಗಳಿಗೆ ಬೀಳುವ ಪೆಟ್ಟಂತೂ ಹೇಳುವ ಹಾಗಿಲ್ಲ. ರೆಕೊ ಡಿಕ್ ತಾಮ್ರದ ಗಣಿಗೆ ಪರವಾನಗಿ ಕೊಡದ ಪಾಕಿಸ್ತಾನದ ಮೇಲೆ 2019ರ ಜುಲೈನಲ್ಲಿ 580 ಕೋಟಿ ಡಾಲರ್ ಮೀರಿದ ತೀರ್ಪು ಬಿತ್ತು. ಐಎಂಎಫ್ ಆ ದೇಶಕ್ಕೆ ಮಂಜೂರು ಮಾಡಿದ್ದ ಸಾಲ 600 ಕೋಟಿ ಡಾಲರ್, ಅದೂ ಅದೇ ತಿಂಗಳು.

ಜಿಎಂಆರ್ ಹೆಸರು ಹೇಳುತ್ತಾರೆ. ಅದು ಹೂಡಿಕೆ ಒಪ್ಪಂದದಿಂದ ಗೆದ್ದದ್ದಲ್ಲ. ತಾನೇ ಕೂತು ಬರೆದ ಕರಾರಿನಿಂದ ಗೆದ್ದದ್ದು. ದೊಡ್ಡ ಕಂಪನಿಗಳು ಹೀಗೆ ಕರಾರಿನಲ್ಲೇ ಬರೆದುಕೊಳ್ಳಲಿ, ಬೇಕಿದ್ದರೆ ವಿಮೆ ಮಾಡಿಸಿಕೊಳ್ಳಲಿ. 2020ರಲ್ಲಿ ಬ್ರೆಜಿಲ್ ಜೊತೆ ಭಾರತ ಮಾಡಿಕೊಂಡ ಒಪ್ಪಂದದಲ್ಲಿ ಹೂಡಿಕೆದಾರ ನೇರವಾಗಿ ದೇಶದ ಮೇಲೆ ಕೇಸು ಹಾಕುವ ದಾರಿಯೇ ಇಲ್ಲ. ಜಗಳ ಬಂದರೆ ಎರಡು ಸರ್ಕಾರಗಳು ಕೂತು ಮಾತಾಡಬೇಕು. ಹೊಸ ಮಾದರಿ ಬರೆಯುವವರು ಆ ಒಪ್ಪಂದವನ್ನು ಮೇಜಿನ ಮೇಲಿಟ್ಟುಕೊಳ್ಳಲಿ. 5 ವರ್ಷ ಜಾಸ್ತಿ ಆಯಿತು ಅನ್ನಿಸಿದರೆ, ವಾಣಿಜ್ಯ ಕೋರ್ಟುಗಳಿಗೆ ಇನ್ನಷ್ಟು ನ್ಯಾಯಾಧೀಶರನ್ನು ಕೊಟ್ಟು, ಪೀಣ್ಯದವನ ಕೇಸೂ ವಿದೇಶಿಯವನ ಕೇಸೂ ಒಂದೇ ಅವಧಿಯಲ್ಲಿ ಮುಗಿಯುವ ಹಾಗೆ ಮಾಡಲಿ.