ಸೋರುವ ಬಕೆಟ್‌ಗೆ ಒಂದು ನವಿಲು

ಮನೆಯ ಹಳೆ ಸಾಮಾನಿಗೆ ಹೊಸ ಮೆರುಗು ಕೊಡುವ ಹುಚ್ಚು ಈಗ ಜಾಸ್ತಿಯಾಗಿದೆ. ಖಾಲಿ ಬಾಟಲಿಗೆ ಸೆಣಬಿನ ಹುರಿ ಸುತ್ತುವುದು, ಹಳೆ ಸಿ.ಡಿ.ಗೆ ಕನ್ನಡಿ ಚೂರು ಅಂಟಿಸುವುದು, ಕಿತ್ತುಹೋದ ಜರಡಿಯನ್ನು ಗೋಡೆಗೆ ನೇತುಹಾಕಿ ಅದಕ್ಕೆ ಕಲೆ ಅಂತ ಹೆಸರಿಡುವುದು. ಇದನ್ನು ಕಲಿಯಲು ಫೀಸು ಕಟ್ಟಿ ಕ್ಲಾಸಿಗೆ ಹೋಗುವವರೂ ಇದ್ದಾರೆ. ಮೈಸೂರಿನವರಿಗೆ ಆ ಖರ್ಚು ಬೇಡ. ಚಪ್ಪಲಿ ಮೆಟ್ಟಿಕೊಂಡು ಊರಲ್ಲಿ ಒಂದು ಸುತ್ತು ಹಾಕಿ ಬಂದರೆ ಸಾಕು. ಊರಿನ ಅಂದ ಹೆಚ್ಚಿಸುವ ಗುತ್ತಿಗೆ ಹಿಡಿದವರು ಗೋಡೆ ಗೋಡೆಯ ಮೇಲೂ ಪಾಠ ಬರೆದಿಟ್ಟಿದ್ದಾರೆ. ಕೆಟ್ಟದ್ದನ್ನು ರಿಪೇರಿ ಮಾಡಬಾರದು, ಬಣ್ಣ ಹೊಡೆಯಬೇಕು. ಅಷ್ಟೇ ಪಾಠ.

ಬಕೆಟ್‌ನಿಂದ ಶುರು ಮಾಡೋಣ. ಬಚ್ಚಲಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಇದೆ, ತಳ ಸೀಳಿದೆ, ನೀರು ನಿಲ್ಲುವುದಿಲ್ಲ. ಹಿಂದಿನ ಕಾಲದ ಅಜ್ಜಿ ಆಗಿದ್ದರೆ ಸೀಳಿಗೆ ಒಂದಿಷ್ಟು ಡಾಂಬರು ಮೆತ್ತಿ ಮತ್ತೆರಡು ವರ್ಷ ಓಡಿಸುತ್ತಿದ್ದರು. ಆದರೆ ಡಾಂಬರು ಮೆತ್ತಿದ ಬಕೆಟ್‌ನ ಫೋಟೋ ತೆಗೆದರೆ ಯಾರು ನೋಡುತ್ತಾರೆ? ಅದಕ್ಕೇ ನವಿಲು ಬರೆಯಬೇಕು. ಗರಿ ಬಿಚ್ಚಿದ ನವಿಲು.

ಕಸುಬು ಬಲ್ಲ ಪೇಂಟರ್ ಹತ್ತಿರ ಹೋದಿರೋ, ಕೆಲಸ ಕೆಟ್ಟಿತು ಅಂತಲೇ ಲೆಕ್ಕ. "ಸಾರ್, ಮೊದಲು ಸೋಪು ಹಾಕಿ ತೊಳೀಬೇಕು, ಜಿಡ್ಡು ಹೋಗಬೇಕು. ಒಣಗಿದ ಮೇಲೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಬೇಕು, ಇಲ್ಲದಿದ್ರೆ ಪ್ಲಾಸ್ಟಿಕ್ ಮೇಲೆ ಬಣ್ಣ ಹಿಡಿಯಲ್ಲ. ಆಮೇಲೆ ಪ್ರೈಮರ್. ಆಮೇಲೆ ತೆಳ್ಳಗೆ ಎರಡು ಕೋಟು, ಮಧ್ಯೆ ಒಣಗಕ್ಕೆ ಬಿಡಬೇಕು," ಅಂತ ಶುರು ಮಾಡುತ್ತಾನೆ. ಅಷ್ಟು ಹೊತ್ತಿಗೆ ನಮ್ಮ ಊರಿನಲ್ಲಿ ಒಂದು ಇಡೀ ಬೀದಿಯ ಕಾಂಪೌಂಡ್ ಗೋಡೆಯೇ ಮುಗಿದಿರುತ್ತದೆ. ಅಲ್ಲಿ ತೊಳೆಯುವುದು, ಉಜ್ಜುವುದು ಯಾವುದೂ ಇಲ್ಲ. ಪಾಚಿ ಇದ್ದರೆ ಪಾಚಿಯ ಮೇಲೆ, ಪೋಸ್ಟರ್ ಇದ್ದರೆ ಪೋಸ್ಟರ್ ಮೇಲೆ. ಹೀಗಾಗಿಯೇ ಒಂದು ಮಳೆ ಬಿದ್ದ ಮೇಲೆ ನವಿಲಿನ ಕೊರಳಲ್ಲಿ 'ಟ್ಯೂಷನ್‌ಗೆ ಸಂಪರ್ಕಿಸಿ' ಅನ್ನುವ ಸಾಲು ಮೂಡುತ್ತದೆ, ಅಂಬಾರಿ ಆನೆಯ ಹೊಟ್ಟೆಯಲ್ಲಿ ಒಂದು ಫೋನ್ ನಂಬರಿನ ಕೊನೆಯ ಐದು ಅಂಕಿ ಕಾಣಿಸುತ್ತವೆ.

ಗೋಡೆ ಚಿತ್ರಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಯೋಗದ್ದು. ಮೂಗು ಹಿಡಿದು ಕಣ್ಣು ಮುಚ್ಚಿ ಕೂತ ಒಬ್ಬ ವ್ಯಕ್ತಿ. ಅವರ ಪಾದದ ಹತ್ತಿರವೇ ಬೀದಿಯವರೆಲ್ಲ ಕಸ ಎಸೆಯುವ ಜಾಗ. ಪ್ರಾಣಾಯಾಮ ಅಂತ ಕೆಳಗೆ ಬರೆಯುವ ಅಗತ್ಯವೇ ಇರಲಿಲ್ಲ, ಮೂಗು ಯಾಕೆ ಹಿಡಿದಿದ್ದಾರೆ ಅಂತ ಯಾರಿಗಾದರೂ ಗೊತ್ತಾಗುತ್ತದೆ.

ಸರಿ, ನವಿಲು ಬರೆದಾಯಿತು. "ರೀ, ಇದು ಇನ್ನೂ ಸೋರ್ತಿದೆ ಕಣ್ರೀ," ಅಂತ ಬಚ್ಚಲಿನಿಂದ ಕೂಗು ಬರುತ್ತದೆ. "ನವಿಲು ಚೆನ್ನಾಗಿದ್ಯಾ ಇಲ್ವಾ, ಅದನ್ನ ಹೇಳು," ಅಂತ ಉತ್ತರ ಕೊಡಬೇಕು. ಇದಕ್ಕೆ ಸಾರ್ವಜನಿಕ ಅಭಿಪ್ರಾಯ ಸಂಗ್ರಹ ಅನ್ನುತ್ತಾರೆ.

ಇನ್ನು ಹಳೆ ಟೈರು. ಪಾರ್ಕುಗಳಲ್ಲಿ ಟೈರಿಗೆ ಕೆಂಪು, ಹಳದಿ ಹೊಡೆದು ಹೂಕುಂಡ ಮಾಡುವ ಉಪಾಯ ಎಲ್ಲ ಊರಿಗೂ ಬಂದಿದೆ, ನಮ್ಮ ಊರಿಗೂ ಬಂದಿದೆ. ಗಿಡ ಎರಡು ವಾರ ಇರುತ್ತದೆ. ಟೈರು ಶಾಶ್ವತ. ಅದರ ಒಳಸುತ್ತಿನಲ್ಲಿ ಮಳೆ ನೀರು ನಿಲ್ಲುತ್ತದೆ, ಆ ನೀರಿನಲ್ಲಿ ಈಡಿಸ್ ಸೊಳ್ಳೆ ಮೊಟ್ಟೆ ಇಡುತ್ತದೆ, ಎಂಟು ಹತ್ತು ದಿನದಲ್ಲಿ ಹೊಸ ಸೊಳ್ಳೆಗಳು ಹಾರುತ್ತವೆ. ಡೆಂಗ್ಯೂ ಹರಡುವುದು ಇದೇ ಸೊಳ್ಳೆ. ಎದುರು ಗೋಡೆಯ ಮೇಲೆ, ಅದೇ ಬಣ್ಣದ ಡಬ್ಬದಲ್ಲಿ ಮಿಕ್ಕ ಕೆಂಪಿನಿಂದ, 'ನೀರು ನಿಲ್ಲಲು ಬಿಡಬೇಡಿ, ಡೆಂಗ್ಯೂ ತಡೆಗಟ್ಟಿ' ಅಂತ ಬರೆದಿರುತ್ತಾರೆ. ಸೊಳ್ಳೆಗೆ ಓದು ಬರುವುದಿಲ್ಲ ಅನ್ನುವುದೊಂದೇ ಕೊರತೆ.

ಆದರೆ ನಿಜವಾದ ಕಲೆ ದಸರಾ ಸಮಯದಲ್ಲಿ ಕಲಿಯಬೇಕು. ಅರಮನೆಯಿಂದ ಬನ್ನಿಮಂಟಪಕ್ಕೆ ಜಂಬೂಸವಾರಿ ಹೋಗುವ ದಾರಿ ಹೆಚ್ಚುಕಡಿಮೆ ಐದು ಕಿಲೋಮೀಟರ್. 750 ಕೆ.ಜಿ. ಅಂಬಾರಿ ಹೊತ್ತ ಆನೆ ಎಡವಬಾರದು, ಹಾಗಾಗಿ ಸಯ್ಯಾಜಿರಾವ್ ರಸ್ತೆ ಕನ್ನಡಿಯಾಗುತ್ತದೆ. ಸಂತೋಷ. ಆದರೆ ಸ್ಕೂಟರಿನಲ್ಲಿ ಮಗುವನ್ನು ಸ್ಕೂಲಿಗೆ ಬಿಡುವವರು ಎಡವಿದರೆ? ಅವರ ದಾರಿ ಮೆರವಣಿಗೆಯ ನಕ್ಷೆಯಲ್ಲಿ ಇಲ್ಲ. ಪಕ್ಕದ ಅಡ್ಡರಸ್ತೆಗೆ ತಿರುಗಿದರೆ ಗುಂಡಿಗಳು ತಮ್ಮ ತಮ್ಮ ಜಾಗದಲ್ಲಿ ಹಾಗೇ ಇರುತ್ತವೆ, ಹಳೇ ಬಾಡಿಗೆದಾರರು.

ಇದನ್ನು ಮನೆಗೆ ಅಳವಡಿಸುವುದು ಬಹಳ ಸುಲಭ. ನೆಂಟರು ಬರುತ್ತಾರೆ ಅಂತಾದರೆ ಇಡೀ ಮನೆ ಗುಡಿಸಬೇಡಿ. ಗೇಟಿನಿಂದ ಸೋಫಾವರೆಗೆ ಒಂದು ರಾಜಮಾರ್ಗ ಗುರುತು ಮಾಡಿ. ಆ ದಾರಿಗೆ ಮಾತ್ರ ಪೊರಕೆ, ಆ ದಾರಿಗೆ ಮಾತ್ರ ಮ್ಯಾಟು, ಎರಡೂ ಕಡೆ ಸೀರಿಯಲ್ ಸೆಟ್. ಉಳಿದ ರೂಮುಗಳಿಗೆ ಹಸಿರು ಬಟ್ಟೆ ಕಟ್ಟಿಬಿಡಿ. ನೆಂಟರಿಗೆ ಮಧ್ಯೆ ಬಚ್ಚಲಿಗೆ ಹೋಗಬೇಕು ಅನ್ನಿಸಿದರೆ ಮಾತ್ರ ಕಷ್ಟ, ಮಾರ್ಗ ಬದಲಾವಣೆ ಪ್ರಕಟಣೆ ಹೊರಡಿಸಬೇಕಾಗುತ್ತದೆ.

ಸೀರಿಯಲ್ ಸೆಟ್ ಅಂದೆನಲ್ಲ, ಅದರ ಬಗ್ಗೆ ಜಿಪುಣತನ ಬೇಡ. ಅರಮನೆಗೇ ಸುಮಾರು ಒಂದು ಲಕ್ಷ ಬಲ್ಬು ಇರುವ ಊರು ಇದು. ಕೆಟ್ಟ ಮಿಕ್ಸಿಗೆ, ಬಾಗಿಲು ಮುಚ್ಚದ ಬೀರುವಿಗೆ, ಕಾಲು ಮುರಿದ ಕುರ್ಚಿಗೆ ದೀಪದ ಸರ ಸುತ್ತಿ. ಬೆಳಕು ಕಣ್ಣಿಗೆ ಹೊಡೆಯುವಾಗ ಕುರ್ಚಿಗೆ ಎಷ್ಟು ಕಾಲು ಅಂತ ಯಾರೂ ಎಣಿಸುವುದಿಲ್ಲ. ಅರಮನೆಯಿಂದ ಕೂಗಳತೆಯಲ್ಲೇ ಲ್ಯಾನ್ಸ್‌ಡೌನ್ ಕಟ್ಟಡ ಇದೆ. 2012ರಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಸತ್ತರು. ಆಮೇಲೆ ಕೆಡವಬೇಕೋ, ಉಳಿಸಬೇಕೋ ಅಂತ ವರ್ಷಗಟ್ಟಲೆ ವಾದ ನಡೆಯಿತು. ದಸರಾ ದೀಪಗಳು ಮಾತ್ರ ಒಂದು ವರ್ಷವೂ ತಡವಾಗಲಿಲ್ಲ.

ಮಹಡಿ ಮೆಟ್ಟಿಲಿನ ಮೂಲೆಯಲ್ಲಿ ಎಲೆ ಅಡಿಕೆ ಉಗಿಯುವ ಮಾವ ಇದ್ದರೆ ಅಲ್ಲೊಂದು ದೇವರ ಟೈಲ್ಸ್ ಅಂಟಿಸಿ. ಹೆಚ್ಚೇನೂ ಆಗುವುದಿಲ್ಲ. ಅವರು ಕೈಮುಗಿದು, ಎರಡು ಮೆಟ್ಟಿಲು ಮೇಲೆ ಹೋಗಿ ಉಗಿಯುತ್ತಾರೆ.

ಈ ಊರಿನ ಮನೆಗಳಿಗೆ ಇದೆಲ್ಲ ಹೊಸ ವಿದ್ಯೆ ಅಂತ ತಿಳಿಯಬೇಡಿ. ನವರಾತ್ರಿ ಬಂದರೆ ಹಳೆ ಟ್ರಂಕು, ಅಕ್ಕಿ ಡಬ್ಬ, ಮಂಚದ ಹಲಗೆ ಎಲ್ಲ ಸೇರಿಸಿ, ಮೇಲೊಂದು ಬಿಳಿ ಪಂಚೆ ಹಾಸಿ, ಪಟ್ಟದ ಗೊಂಬೆಗಳಿಗೆ ಮೆಟ್ಟಿಲು ಕಟ್ಟುವವರು ನಾವು. ಗೌರಿ ಹಬ್ಬಕ್ಕೆ ಮೊರಕ್ಕೆ ಅರಿಶಿನ ಕುಂಕುಮ ಹಚ್ಚಿ ಬಾಗಿನ ಮಾಡುವವರು. ಎಣ್ಣೆ ಡಬ್ಬಕ್ಕೆ ಕೆಮ್ಮಣ್ಣು ಬಳಿದು ತುಳಸಿ ನೆಡುವವರು. ಆದರೆ ಆ ಹೆಂಗಸರಿಗೆ ಒಂದು ಕೆಟ್ಟ ಅಭ್ಯಾಸವಿತ್ತು. ಟ್ರಂಕು ಅಲ್ಲಾಡುತ್ತದೆಯಾ ಅಂತ ಮೊದಲು ನೋಡುತ್ತಿದ್ದರು, ಡಬ್ಬ ತೊಳೆದು ತಳಕ್ಕೆ ನೀರು ಇಳಿಯಲು ತೂತು ಹೊಡೆಯುತ್ತಿದ್ದರು. ಟೆಂಡರ್ ಇಲ್ಲ, ಫ್ಲೆಕ್ಸ್ ಇಲ್ಲ, ಮೊದಲಿನ ಫೋಟೋ ಆಮೇಲಿನ ಫೋಟೋ ಇಲ್ಲ. ಇಂಥವರಿಗೆ ಯಾವ ಸಮೀಕ್ಷೆಯಲ್ಲಿ ಅಂಕ ಬರುತ್ತದೆ ಹೇಳಿ.

ಸಮೀಕ್ಷೆ ಅಂದಾಗ ನೆನಪಾಯಿತು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲು ಬಂತು. ಬೆಳಕು ಹರಿಯುವ ಮುಂಚೆ ಪೊರಕೆ ಹಿಡಿದು ಹೊರಡುವ ಪೌರಕಾರ್ಮಿಕರಿಂದ ಬಂದ ಹೆಸರು ಅದು. ಮರುವರ್ಷ ಐದನೇ ಸ್ಥಾನ. ಪೊರಕೆಗಳು ಸಾಕಷ್ಟಿವೆಯಾ ಅಂತ ಕೇಳುವುದು ಬಿಟ್ಟು, ಗೋಡೆಗಳು ಸಾಕಷ್ಟಿವೆಯಾ ಅಂತ ಹುಡುಕುವ ಉತ್ಸಾಹಕ್ಕೆ ಅಂದಿನಿಂದ ಬಿಡುವೇ ಇಲ್ಲ. ಚಿತ್ರದಲ್ಲಿರುವ ಪೌರಕಾರ್ಮಿಕರ ಕೈಗೆ ಮಾತ್ರ ಚೆಂದದ ಗ್ಲೌಸು ಹಾಕಿರುತ್ತಾರೆ.

ಬಣ್ಣಕ್ಕೇನೂ ಈ ಊರಿನಲ್ಲಿ ಬರ ಇಲ್ಲ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ ಇಲ್ಲೇ ಇದೆ. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಅಲ್ಲಿಂದಲೇ ಹೋಗುತ್ತದೆ. ಸೋಪು ಹಾಕಿ ಉಜ್ಜಿದರೂ ವಾರಗಟ್ಟಲೆ ಹೋಗದ ಬಣ್ಣ. ಅದನ್ನು ನಮ್ಮ ಬೆರಳಿಗೆ ಹಚ್ಚುತ್ತಾರೆ. ಮೊದಲ ಮಳೆಗೇ ಹೋಗುವ ಬಣ್ಣವನ್ನು ನಮ್ಮ ಗೋಡೆಗೆ ಹಚ್ಚುತ್ತಾರೆ. ಯಾವುದು ಉಳಿಯಬೇಕು, ಯಾವುದು ಪ್ರತಿವರ್ಷ ಹೊಸದಾಗಿ ಬಿಲ್ಲಾಗಬೇಕು ಅನ್ನುವುದು ಬಲ್ಲವರಿಗೆ ಗೊತ್ತು.

ಕೆಲಸ ಮುಗಿದ ಮೇಲೆ ಉದ್ಘಾಟನೆ ಮರೆಯಬಾರದು. ಅಡುಗೆಮನೆ ಬಾಗಿಲಿಗೆ ರಿಬ್ಬನ್ ಕಟ್ಟಿ. ಗ್ರಾನೈಟ್ ಫಲಕದಲ್ಲಿ ಮನೆಯ ಹಿರಿಯರ ಹೆಸರು ದಪ್ಪ ಅಕ್ಷರದಲ್ಲಿ, ದಿನಾ ಪಾತ್ರೆ ತೊಳೆಯುವವರ ಹೆಸರು ಎಲ್ಲೂ ಇಲ್ಲದಂತೆ. ಸಿಂಕ್ ಪಕ್ಕ ಒಂದು ಸೆಲ್ಫಿ ಪಾಯಿಂಟ್.

ಮನೆಯವರು ದೂರು ಕೊಡುತ್ತಾರೆ, ಕೊಡಲಿ. ಅದಕ್ಕೂ ವ್ಯವಸ್ಥೆ ಇರಬೇಕು. ಅಡುಗೆಮನೆ ನಲ್ಲಿ ಸೋರುತ್ತಿದೆ ಅಂತ ಅತ್ತೆಯವರು ಹೇಳಿದ ಕೂಡಲೇ ಹನ್ನೆರಡು ಅಂಕಿಯ ಒಂದು ನಂಬರು ಕೊಡಿ. ಮೂರು ದಿನ ಸುಮ್ನೆ ಇರಿ. ನಾಲ್ಕನೇ ದಿನ ಅವರ ಮೊಬೈಲಿಗೆ 'ತಮ್ಮ ದೂರನ್ನು ಬಗೆಹರಿಸಲಾಗಿದೆ' ಅಂತ ಒಂದು ಮೆಸೇಜು, ಜೊತೆಗೆ ಹನಿಯೂ ಸೋರದ ಒಂದು ನಲ್ಲಿಯ ಫೋಟೋ ಕಳಿಸಿ. ಇದು ಯಾರ ಮನೆ ನಲ್ಲಿ ಅಂತ ಅತ್ತೆ ಕೇಳಿದರೆ, ಅದಕ್ಕೆ ಬೇರೆ ದೂರು ಕೊಡಬೇಕಾಗುತ್ತದೆ ಅನ್ನಿ.